ಅತ್ತೆ ನನ್ನ ಕೈಗಿಡದ ಮಶೇರಿ

ಕಳೆದ ತಿಂಗಳು ಬೀಗರ ಮನೆಯ ತೊಟ್ಟಿಲ ಕಾರ್ಯಕ್ಕೆಂದು ನಿಡಸೋಸಿಗೆ ಹೋಗಿದ್ದೆ. ಬಸ್ಸಿಳಿದು ಮೊಮ್ಮಗಳ ಕೈ ಹಿಡಿದು ಓಣಿಯಲ್ಲಿ ನಡೆಯುವಾಗ ಯಾವುದೋ ಮನೆಯೊಳಗಿಂದ ತಂಬಾಕು ಹುರಿಯುವ ವಾಸನೆ ಬಂತು. ಹಂಚಿನ ಮೇಲೆ ಎಲೆ ಕರ್ರಗಾಗುವಾಗ ಏಳುವ ಘಾಟು ಅದು. ಒಮ್ಮೆ ಮೂಗಿಗೆ ಹೊಕ್ಕರೆ ಸಂಜೆಯವರೆಗೂ ಬಿಡುವುದಿಲ್ಲ. ಮೊಮ್ಮಗಳು ಓಢಣಿಯಿಂದ ಮೂಗು ಮುಚ್ಚಿಕೊಂಡು, "ಅಜ್ಜಿ, ಲಗು ನಡಿ, ಏನ್ ಕೆಟ್ಟ ವಾಸನಿ ಐತಿ ಇದು" ಎಂದಳು. ನಾನು ಅಲ್ಲೇ ನಿಂತೆ. ಆ ಮನೆಯ ಹಿತ್ತಲಲ್ಲಿ ನಮ್ಮತ್ತೆ ಕುಳಿತಿದ್ದಾರೆ ಅನ್ನಿಸಿಬಿಟ್ಟಿತು... ಅವರು ಹೋಗಿ ಒಂದು ಜನ್ಮವೇ ಕಳೆದಿದೆ.

ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ ನಾನು ಕುಲಗೋಡ ಬಿಟ್ಟು ಹುಕ್ಕೇರಿಗೆ ಸೇರಿದೆ. ರಾಜ್ಯ ಬದಲಾದದ್ದರಿಂದ ಯಾರಿಗೆ ಏನಾಯಿತೋ ನನಗೆ ತಿಳಿಯದು. ನನಗೆ ಮನೆ ಬದಲಾದದ್ದೇ ದೊಡ್ಡ ಗದ್ದಲವಾಗಿತ್ತು. ತವರಿನಲ್ಲಿ ನಾವು ಮಕ್ಕಳೆಲ್ಲ ಬೇವಿನ ಕಡ್ಡಿಯಿಂದ ಹಲ್ಲುಜ್ಜಿ ಬೆಳೆದವರು. ಹೊಲಕ್ಕೆ ಹೋಗಿ ಬರುವಾಗ ಅಪ್ಪ ಮುರಿದು ತರುತ್ತಿದ್ದ. ಗಂಡನ ಮನೆಯಲ್ಲಿ ಬೆಳಗಾದರೆ ಹೆಂಗಸರಿಗೆಲ್ಲ ಮಶೇರಿ ಬೇಕು. ತಂಬಾಕನ್ನು ಕಪ್ಪಾಗುವವರೆಗೆ ಹುರಿದು, ಕುಟ್ಟಿ, ಜರಡಿ ಹಿಡಿದು ಡಬ್ಬಿಯಲ್ಲಿ ತುಂಬಿಡುವುದು; ತೋರುಬೆರಳಿಗೆ ಹಚ್ಚಿಕೊಂಡು ಹಲ್ಲಿಗೂ ಒಸಡಿಗೂ ತಿಕ್ಕುತ್ತ ಕೂರುವುದು. ಹಲ್ಲುಜ್ಜುವುದು ನೆಪ. ತಲೆಗೆ ಅದರ ಅಮಲು ಏರಿದ ಮೇಲೆಯೇ ಅವರಿಗೆ ಬೆಳಗಾಗುತ್ತಿತ್ತು.

ನಮ್ಮ ಹಿತ್ತಲ ಗೋಡೆಗೆ ಒರಗಿ ಅಕ್ಕಪಕ್ಕದ ಹೆಂಗಸರೆಲ್ಲ ಸಾಲಾಗಿ ಕೂರುತ್ತಿದ್ದರು. ಇಡೀ ದಿನದಲ್ಲಿ ಅವರು ಕುಳಿತು ಮಾತಾಡುವ ಹೊತ್ತು ಅದೊಂದೇ. ಯಾರ ಮಗಳು ಬಸುರಿ, ಯಾರ ಎಮ್ಮೆ ಹಾಲು ಬತ್ತಿಸಿತು, ಯಾರ ಗಂಡ ಮುನಿಸಿಕೊಂಡ, ಎಲ್ಲವೂ ಅಲ್ಲಿಯೇ. ನಾನು ಕಡ್ಡಿ ಜಗಿಯುವವಳು; ನಿಂತಲ್ಲೇ ಹಲ್ಲುಜ್ಜಿ, ಬಾಯಿ ತೊಳೆದು ಒಲೆಯ ಮುಂದೆ ಹೋಗಬೇಕು. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅವರ ನಗು ಕೇಳುತ್ತಿದ್ದೆ. ಆ ಊರಿನಲ್ಲಿ ನನ್ನ ಜೊತೆ ಬಾಯಿ ಬಿಟ್ಟು ಮಾತಾಡುವ ಒಂದು ಜೀವವೂ ಇರಲಿಲ್ಲ. ಆ ಸಾಲಿನಲ್ಲಿ ನನಗೂ ಒಂದು ಜಾಗ ಸಿಕ್ಕರೆ ಸಾಕು ಎಂದು ಎಷ್ಟು ಹಂಬಲಿಸಿದ್ದೆನೋ...

ಅತ್ತೆಯ ಬಳಿ ಹೇಳಿಕೊಳ್ಳುವಂತಿರಲಿಲ್ಲ. ಅವರದು ಅಳೆದು ತೂಗಿ ಆಡುವ ಮಾತು. ನಗುವುದನ್ನು ನಾನು ಕಂಡಿರಲಿಲ್ಲ. ಗಂಡಸರ ಊಟವಾದ ಮೇಲೆ ನನಗೆ ಬಡಿಸಿ, ತಾವು ಮೂಲೆಯಲ್ಲಿ ನನ್ನತ್ತ ಬೆನ್ನು ಮಾಡಿ ಉಣ್ಣಲು ಕೂರುತ್ತಿದ್ದರು. ಸೊಸೆಯ ಮುಖ ನೋಡಿಕೊಂಡು ಉಣ್ಣಲೂ ಈಕೆಗೆ ಬೇಡವಾಯಿತೇ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಹದಿನೇಳರ ಹುಡುಗಿಗೆ ಎಲ್ಲವೂ ತನ್ನನ್ನೇ ಕುರಿತದ್ದು ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಅತ್ತೆ ಒಳಗೆ ಹೋಗಿದ್ದಾಗ ಬಾಜೂ ಮನೆಯ ದೊಡ್ಡವ್ವ ನನ್ನನ್ನು ಕರೆದರು. "ಬಾ ಯವ್ವಾ, ಎಷ್ಟ ದಿನಾ ದನದಂಗ ಕಡ್ಡಿ ತಿಂತಿ? ಹಿಡಿ, ಹಚ್ಚ ಒಂದ್ ಚಿಟಿಕಿ" ಎಂದು ನನ್ನ ಅಂಗೈಯಲ್ಲಿ ಕರಿ ಪುಡಿ ಹಾಕಿದರು. ಅವರು ಸರಿದು ಮಾಡಿಕೊಟ್ಟ ಜಾಗದಲ್ಲಿ ಕುಳಿತೆ. ಆ ಜಾಗಕ್ಕಾಗಿ ಅವರು ವಿಷ ಕೊಟ್ಟಿದ್ದರೂ ತಿಕ್ಕುತ್ತಿದ್ದೆನೇನೋ! ಎರಡು ಸಲ ಬೆರಳಾಡಿಸುವಷ್ಟರಲ್ಲಿ ಹಿತ್ತಲು ಗಿರ್ರನೆ ತಿರುಗಿತು. ಕುಳಿತಲ್ಲೇ ಕಾರಿಕೊಂಡೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಮೊದಲಿಗೆ ಹಂಗ ಆಕೈತಿ ಬಿಡ. ನಾಕ ದಿನಾ ತಡಿ, ಆಮ್ಯಾಲೆ ಅದಿಲ್ದ ಹೊತ್ತ ಹೊಂಡೂದಿಲ್ಲ" ಎಂದರು ದೊಡ್ಡವ್ವ.

ಅಷ್ಟರಲ್ಲಿ ಅತ್ತೆ ಹೊರಬಂದರು. ನನ್ನ ರಟ್ಟೆ ಹಿಡಿದು ಎಬ್ಬಿಸಿ, ಬಾಯಿ ತೊಳೆಸಿ, ಅಡುಗೆಮನೆಗೆ ಕರೆದೊಯ್ದರು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಬೆಳಕಿಂಡಿಯ ಕೆಳಗೆ ನಿಂತು, "ಇಲ್ಲಿ ನೋಡ" ಎಂದು ತಮ್ಮ ಬಾಯಿ ತೆರೆದರು.

ಮುಂದಿನ ನಾಲ್ಕಾರು ಹಲ್ಲು ಇದ್ದಿಲಿನಂತೆ ಕಪ್ಪಾಗಿ ಉದ್ದಕ್ಕೆ ನಿಂತಿದ್ದವು. ಒಸಡು ಬೇರಿನವರೆಗೂ ಸವೆದು ಹೋಗಿತ್ತು. ದವಡೆಹಲ್ಲು ಒಂದೂ ಇರಲಿಲ್ಲ. ಅವರು ಬೆನ್ನು ತಿರುಗಿಸಿ ಉಣ್ಣುತ್ತಿದ್ದುದು ಯಾಕೆಂದು ನನಗೆ ಆಗ ಹೊಳೆಯಿತು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಕಿವುಚಿ, ನುಂಗುವುದನ್ನು ಸೊಸೆ ನೋಡುವುದು ಅವರಿಗೆ ಬೇಡವಾಗಿತ್ತು.

"ಹಲ್ಲ ನೂಸಾಕತ್ತಿತ್ತಂತ ನಮ್ಮತ್ತಿ ಇದನ್ನ ಔಷಧ ಅಂತ ಕೈಯಾಗ ಇಟ್ರು. ಆಗ ನಾ ನಿನಗಿಂತ ಸಣ್ಣಾಕಿ" ಎಂದರು. "ನೋವ ಹೋತು. ಆಮ್ಯಾಲೆ ಹಲ್ಲೂ ಹೋದೂ. ಚಟಾ ಒಂದ್ ಉಳೀತು. ನನಗ ಯಾರೂ ಬ್ಯಾಡ ಅನ್ನಲಿಲ್ಲ. ನಿನಗ ನಾ ಅನ್ನಾಕತ್ತೇನಿ."

"ಅವರ ಜೋಡಿ ಕುಂಡ್ರಬೇಕು ಅನಸ್ತೈತ್ರಿ ಅತ್ತಿ" ಎಂದು ನಾನು ಅತ್ತುಬಿಟ್ಟೆ.

ಮರುದಿನ ಅತ್ತೆಯೇ ಒಲೆ ಹೊತ್ತಿಸಿ, ನನ್ನ ಕೈಗೆ ಬೇವಿನ ಕಡ್ಡಿ ಕೊಟ್ಟು, ಹಿತ್ತಲ ಸಾಲಿನಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ದೊಡ್ಡವ್ವ ಮತ್ತೆ ಡಬ್ಬಿ ಚಾಚಿದಾಗ ಅದನ್ನು ಹಿಂದಕ್ಕೆ ತಳ್ಳಿ, "ಇಕಿಗೆ ಚಟಾ ಹಚ್ಚಿದ್ರ ನಾಳೆ ನನ್ನ ಡಬ್ಬಿಗೇ ಕೈ ಹಾಕ್ತಾಳ. ನನಗ ಸಾಲಬೇಕಲ್ಲ?" ಎಂದರು. ಓಣಿಯ ತುಂಬ ಸುದ್ದಿಯಾಯಿತು. ಸೊಸೆಗೆ ಒಂದು ಚಿಟಿಕೆ ಮಶೇರಿ ಕೊಡಲಾರದ ಕಂಜೂಸಿ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಹತ್ತು ಜನರಿಗೆ ಕರೆದು ಉಣಿಸುವ ಕೈ ಅವರದು! ನನಗೆ ಕೇಳಲಾಗುತ್ತಿರಲಿಲ್ಲ. ಅವರು ಮಾತ್ರ, "ಅಂದ್ರ ಅನ್ನಲಿ, ನಿನ್ನ ಬಾಯಿ ಉಳೀಲಿ" ಎಂದುಬಿಟ್ಟರು.

ಅಲ್ಲಿಂದ ನನ್ನ ಬಾಯಿ ಅವರ ಉಸ್ತುವಾರಿಗೆ ಬಂತು. ಕಡ್ಡಿಯ ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮೆತ್ತಗೆ ಮಾಡದೆ ಹಲ್ಲಿಗೆ ಮುಟ್ಟಿಸುವಂತಿರಲಿಲ್ಲ. ಪಾತ್ರೆ ತಿಕ್ಕಿದಂತೆ ಗಸಗಸ ತಿಕ್ಕಿದರೆ ತಲೆಗೆ ಒಂದು ಮೊಟಕು ಬೀಳುತ್ತಿತ್ತು. ಕಬ್ಬು ತಿಂದರೂ ಬೆಲ್ಲ ತಿಂದರೂ ಬಾಯಿ ಮುಕ್ಕಳಿಸಿಯೇ ಎದ್ದು ಬರಬೇಕು. ಮಲಗುವ ಮುಂಚೆ ಇನ್ನೊಮ್ಮೆ ಉಜ್ಜಬೇಕು. ಹಲ್ಲಿನ ಸಂದಿಗೆ ಪಿನ್ನು ಹಾಕಿದ್ದು ಕಂಡರಂತೂ ಮುಗಿಯಿತು. ಮೊದಲ ಬಸುರಿನಲ್ಲಿ ನನ್ನ ಒಸಡಿನಿಂದ ರಕ್ತ ಬರತೊಡಗಿದಾಗ ನನಗಿಂತ ಅವರೇ ಹೆಚ್ಚು ಹೆದರಿದರು. ದಿನಾ ಊಟವಾದ ಮೇಲೆ ಉಪ್ಪು ಹಾಕಿದ ಬಿಸಿನೀರಿನ ತಂಬಿಗೆ ಹಿಡಿದು ನಿಂತು, ಮುಕ್ಕಳಿಸುವವರೆಗೂ ಕದಲುತ್ತಿರಲಿಲ್ಲ. ನನ್ನ ಹೆತ್ತವ್ವನೂ ನನ್ನ ಬಾಯಿಯನ್ನು ಅಷ್ಟು ನೋಡಿರಲಿಲ್ಲ.

ಅವರೂ ಬಿಡಲು ನೋಡಿದರು. ಒಮ್ಮೆ ಡಬ್ಬಿಯನ್ನು ಅಟ್ಟದ ಮೇಲೆ ಎಸೆದರು. ಎರಡು ದಿನ ತಲೆಗೆ ಬಟ್ಟೆ ಕಟ್ಟಿಕೊಂಡು, ಕಂಡಕಂಡವರ ಮೇಲೆ ಹರಿಹಾಯ್ದು, ಮೂರನೆಯ ಬೆಳಿಗ್ಗೆ ತಾವೇ ಏಣಿ ಹಾಕಿ ಇಳಿಸಿಕೊಂಡರು. ನನ್ನನ್ನು ನೋಡಿ ನಾಚಿ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ನನ್ನ ಕೈಲೆ ಆಗೂದಿಲ್ಲ ಯವ್ವಾ. ನಾ ಬಿಡದಿದ್ರೂ ಚಿಂತಿಲ್ಲ, ನೀ ಹಿಡೀಬ್ಯಾಡ" ಎಂದರು.

ನನಗೆ ಎರಡನೆಯ ಮಗುವಾದ ವರ್ಷ ಅವರ ಕೆಳತುಟಿಯ ಒಳಗೆ, ಮಶೇರಿ ತಿಕ್ಕುತ್ತಿದ್ದ ಜಾಗದಲ್ಲೇ, ಒಂದು ಹುಣ್ಣಾಯಿತು. ಅದು ಮಾಯಲಿಲ್ಲ. ಬೆಳಗಾವಿಯ ದೊಡ್ಡ ದವಾಖಾನೆಗೆ ಒಯ್ಯುವಷ್ಟರಲ್ಲಿ ಹೊತ್ತು ಮೀರಿತ್ತು. ಮನೆಗೆ ಕರೆದುಕೊಂಡು ಬಂದೆವು. ತೆಳ್ಳಗಿನ ಅಂಬಲಿಯನ್ನು ಚಮಚೆಯಲ್ಲಿ ಹನಿಹನಿಯಾಗಿ ಬಿಡುತ್ತಿದ್ದೆ. ಅದೂ ಉರಿಯುತ್ತಿತ್ತು.

ಒಂದು ಮಧ್ಯಾಹ್ನ, "ಕಟಿರೊಟ್ಟಿ ತೊಗೊಂಬಾ, ಶೇಂಗಾ ಚಟ್ನಿ ಹಚ್ಚಿ" ಎಂದರು. ಮಾತು ತೊದಲುತ್ತಿತ್ತು. ಬಿಸಿಲಲ್ಲಿ ಒಣಗಿಸಿದ, ಮುರಿದರೆ ಚಟ್ಟೆನ್ನುವ ಜೋಳದ ರೊಟ್ಟಿ ಇವರಿಗೆ ಹೇಗೆ ಎಂದು ನಾನು ಗಾಬರಿಯಾದೆ. "ನನಗಲ್ಲ, ನಿನಗ. ಇಲ್ಲೇ ನನ್ನ ಮುಂದ ಕುಂತ ತಿನ್ನು. ಸಪ್ಪಳ ಕೇಳಬೇಕು" ಎಂದರು. ಅತ್ತೆ ಸಣ್ಣವರಿದ್ದಾಗ ತವರಿನಲ್ಲಿ ಅಕ್ಕತಂಗಿಯರೆಲ್ಲ ಕುಳಿತು, ಯಾರ ಸಪ್ಪಳ ಜೋರು ಎಂದು ಪಂದ್ಯ ಕಟ್ಟಿ ಕಟಿರೊಟ್ಟಿ ತಿನ್ನುತ್ತಿದ್ದರಂತೆ. ಆ ಪಂದ್ಯದಲ್ಲಿ ಯಾವಾಗಲೂ ಇವರದೇ ಗೆಲುವಂತೆ. ನಾನು ಕಚ್ಚಿದೆ. ಕಣ್ಣು ತುಂಬಿ ಬಂತು. "ಅಳಬ್ಯಾಡ. ಅಗದ ತಿನ್ನು, ಜೋರಾಗಿ" ಎಂದು ಕಣ್ಣು ಮುಚ್ಚಿಕೊಂಡರು. ಅವರು ಇರುವವರೆಗೂ ದಿನವೂ ಅವರ ಹಾಸಿಗೆಯ ಮುಂದೆ ಕುಳಿತು ಒಂದು ರೊಟ್ಟಿ ತಿಂದೆ. ಕೊನೆಯ ದಿನಗಳಲ್ಲಿ ಮಾತು ಪೂರ್ತಿ ನಿಂತಿತ್ತು. ನಾನು ಅಗಿಯುವುದು ನಿಂತರೆ ಕೈಯಾಡಿಸಿ, ಇನ್ನಷ್ಟು ಎನ್ನುತ್ತಿದ್ದರು...

ಈಗ ನಾನು ಗೋಕಾಕದಲ್ಲಿ ಮಗನ ಮನೆಯಲ್ಲಿದ್ದೇನೆ. ವಯಸ್ಸಿನಲ್ಲಿ ಅತ್ತೆಯನ್ನು ಎಂದೋ ದಾಟಿ ಬಂದಿದ್ದೇನೆ. ಬಾಯಲ್ಲಿರುವ ಹಲ್ಲುಗಳು ಬಹುಪಾಲು ನನ್ನವೇ. ಇಲ್ಲಿಯ ಹಲ್ಲಿನ ಡಾಕ್ಟರರು ಒಮ್ಮೆ ಅಚ್ಚರಿಪಟ್ಟು, "ಏನ್ ಹಚ್ಚತಿದ್ರಿ ಅಜ್ಜಿ, ಸಣ್ಣಾಕಿದ್ದಾಗ?" ಎಂದು ಕೇಳಿದರು. ಏನು ಹಚ್ಚಲಿಲ್ಲ ಎಂಬುದನ್ನು ಹೇಳಬೇಕೆಂದಿದ್ದೆ, ಬೇವಿನ ಕಡ್ಡಿ ಎಂದಷ್ಟೇ ಹೇಳಿ ಎದ್ದು ಬಂದೆ. ನಾನು ರೊಟ್ಟಿ ತಿನ್ನಲು ಕುಳಿತರೆ ಮೊಮ್ಮಕ್ಕಳು, "ಅಜ್ಜಿ, ಸಾವಕಾಶ ತಿನ್ನ, ಎಷ್ಟ ಸಪ್ಪಳ ಮಾಡ್ತಿ" ಎಂದು ಗೇಲಿ ಮಾಡುತ್ತವೆ. ನಮ್ಮತ್ತೆಗೆ ಅದು ಕೇಳುವುದಿಲ್ಲವೆಂದು ನನಗೆ ಗೊತ್ತು. ಆದರೂ ಜೋರಾಗಿಯೇ ಅಗಿಯುತ್ತೇನೆ.