ರೇಡಿಯೋ ಬಾಯಿ ಮುಚ್ಚಿದ್ದು

ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವಳಿಗೆ ರೇಡಿಯೋ ಎಂದೇ ಹೆಸರು. ಮನೆಯಲ್ಲೂ ಅಷ್ಟೇ. ಗಂಡ ಲಾರಿ ಹತ್ತಿ ಊರೂರು ಅಲೆಯುವವನು. ಮನೆಯಲ್ಲಿ ಉಳಿಯುವವಳು ಕಿವಿ ಮಂದವಾದ ಅತ್ತೆ. ಸಂಜೆ ಬಂದವಳೇ ಅತ್ತೆಯ ಕಿವಿಗೆ ಬಾಯಿಟ್ಟು ಅವರಿವರ ಸುದ್ದಿಯನ್ನೆಲ್ಲ ಸುರಿಯಬೇಕು. ಮುದುಕಿಗೆ ದಿನದಲ್ಲಿ ಸಿಗುವ ಮಾತು ಅದೊಂದೇ.

ಆ ರೇಡಿಯೋ ನಿಂತುಹೋಯಿತು. ಕಾರ್ಖಾನೆಯಲ್ಲಿ ಹೊಸದಾಗಿ ಕೆಲಸದ ಹೊತ್ತೆಲ್ಲ ಮಾಸ್ಕ್ ಕಡ್ಡಾಯವಾಯಿತು. ಒಂದು ಗುಟುಕು ನೀರಿಗೂ ಹೊರಗೆ ಬಂದು ಟೋಪಿ, ಗೌನು, ಕೈಗವಸು ಬಿಚ್ಚಬೇಕು, ಮತ್ತೆ ತೊಡಬೇಕು. ಮೇಲ್ವಿಚಾರಕಿ ಹುಬ್ಬು ಗಂಟಿಕ್ಕುತ್ತಾಳೆ. ಯಾರಿಗೆ ಬೇಕು ಈ ರಗಳೆ ಎಂದು ಇವಳು ನೀರನ್ನೇ ಬಿಟ್ಟಳು. ಮಾಸ್ಕಿನೊಳಗೆ ಬಾಯಲ್ಲೇ ಉಸಿರಾಡಿ ನಾಲಿಗೆ ಒಣಗಿತು. ತನ್ನ ಉಸಿರು ತನ್ನ ಮೂಗಿಗೇ ಬಡಿಯಿತು. ಥೂ, ಎಂಥ ನಾತ! ಅದನ್ನು ಮುಚ್ಚಲು ಕೆನ್ನೆಯೊಳಗೆ ಪೆಪ್ಪರ್‌ಮಿಂಟು ಕದ್ದಿಟ್ಟುಕೊಂಡಳು. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಹಲ್ಲು ಹುಳುಕಾಯಿತು, ವಸಡಿನಲ್ಲಿ ರಕ್ತ ಕಂಡಿತು.

ಅಂದಿನಿಂದ ನಿಂತಲ್ಲಿ ನಿಲ್ಲಲಾಗದು. ಅಂಗೈಗೆ ಊದಿ ಮೂಸುವುದು, ಹಲ್ಲುಜ್ಜುವುದು, ಮತ್ತೆ ಊದುವುದು. ಬಸ್ಸಿನಲ್ಲಿ ಪಕ್ಕದವಳು ಕಿಟಕಿ ಸರಿಸಿದರೂ ತನ್ನಿಂದಲೇ ಎಂದು ಮುಖ ಆಚೆ ತಿರುಗಿಸುವುದು. ಮನೆಯಲ್ಲೂ ಮಾಸ್ಕ್ ಬಿಚ್ಚದೆ, ಅತ್ತೆಯ ಮುಂದೆ ತಟ್ಟೆ ಇಟ್ಟು ಒಳಗೆ ಓಡುವಳು. ಮುದುಕಿ ಕರೆದರೆ ನೆಗಡಿ ಎಂದು ಸನ್ನೆಯಲ್ಲೇ ಸುಳ್ಳು. ಅಯ್ಯೋ, ಎಷ್ಟು ದಿನ ಒಂದೇ ನೆಗಡಿ? ನೆಟ್ಟಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಈ ಮಾತಿನಮಲ್ಲಿಗೆ ಆ ಒಂದು ಮಾತು ಮಾತ್ರ ಗಂಟಲು ದಾಟಲಿಲ್ಲ.

ಕೊನೆಗೆ ನೋವು ತಾಳಲಾರದೆ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋಗಿ, ತಪ್ಪೆಲ್ಲ ಮಾಸ್ಕಿನದೆಂದು ದೂರಿದಳು. ಅವರು ನಕ್ಕರು. ಮಾಸ್ಕ್ ಹಲ್ಲು ತಿನ್ನುವುದಿಲ್ಲ, ಒಣಗಿದ ಬಾಯಿ ಮತ್ತು ದಿನವಿಡೀ ಚೀಪಿದ ಸಿಹಿ ಸೇರಿ ಮಾಡಿದ ಕೆಲಸ ಇದು. ರಗಳೆಯಾದರೂ ಹೊರಗೆ ಹೋಗಿ ನೀರು ಕುಡಿ, ಪೆಪ್ಪರ್‌ಮಿಂಟು ಬಿಡು, ವಾಸನೆ ಹೋಗಲು ಸ್ವಲ್ಪ ಸಮಯ ಬೇಕು ಎಂದರು.

ಸ್ವಲ್ಪ ಸಮಯ! ಅಲ್ಲಿಯವರೆಗೆ ಅತ್ತೆಯ ಗತಿ? ಚಡಪಡಿಸುತ್ತ ಮನೆಗೆ ಬಂದರೆ, ಮುದುಕಿ ಸೀರೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಮಗಳ ಮನೆಗೆ ಹೋಗುತ್ತಾಳಂತೆ, ಇನ್ನು ಬರುವುದಿಲ್ಲವಂತೆ.

"ನಾನು ಮಾಡಿದ ತಪ್ಪೇನು ಅಂತ ಹೇಳ್ಬಿಡು. ನಿಂಗೆ ಭಾರ ಆಗಿಬಿಟ್ನಾ?"

ಸೊಸೆ ಮಾಸ್ಕಿನೊಳಗಿಂದಲೇ ಹೇಳಿದಳು, ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು, ಊಹೂಂ. ಅದನ್ನು ಕಿತ್ತೆಸೆದು, ಆದರೂ ಎರಡು ಮಾರು ದೂರವೇ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ನನ್ನ ಬಾಯಿ ನಾರ್ತದೆ ಅತ್ತೆ. ಅದಕ್ಕೇ ಹತ್ರ ಬರ್ತಿರ್ಲಿಲ್ಲ."

ಎದುರುಮನೆಯವರು ಬಾಗಿಲಿಗೆ ಬಂದು ನಿಂತರು. ಹೋಯಿತು ಮಾನ.

ಅತ್ತೆ ಚೀಲ ಕೆಳಗಿಟ್ಟಳು.

"ಕಿವಿ ಒಂದೇ ಹೋಗಿದೆ ಅಂದ್ಕೊಂಡ್ಯಾ? ನನ್ನ ಮೂಗು ಅದಕ್ಕಿಂತ ಮುಂಚೇನೇ ಹೋಗಿದೆ. ಯಾವ ವಾಸನೇನೂ ತಿಳಿಯಲ್ಲ. ಪೂರ್ತಿ ಮುದುಕಿ ಆದೆ ಅಂತ ನಗ್ತೀರೇನೋ ಅಂತ ಯಾರಿಗೂ ಹೇಳಿರ್ಲಿಲ್ಲ. ಬಾ, ಇಲ್ಲಿ ಕೂತ್ಕೋ."