ನಿಕಾನೋರಾ ಮತ್ತೆ ಕೂಗಿದ ಭಾನುವಾರ

ಮೆಕ್ಸಿಕೋದ ಕಾಂಪೆಚೆ ಊರಿನ ಸಾನ್ ರೋಮಾನ್ ಕೇರಿಯಲ್ಲಿ ಲೋತೆರಿಯಾ ಆಟವೆಂದರೆ ನಿಕಾನೋರಾ ಚಾಬ್ಲೆಯ ದನಿ. ಭಾನುವಾರ ಬಿಸಿಲು ಇಳಿದ ಮೇಲೆ ಹೆಂಗಸರು ಬೀದಿಗೆ ಕುರ್ಚಿ ಎಳೆದುಕೊಂಡು, ಚಿತ್ರದ ಹಲಗೆಗಳನ್ನು ತೊಡೆಯ ಮೇಲಿಟ್ಟು, ಮುಷ್ಟಿಯಲ್ಲಿ ಜೋಳದ ಕಾಳು ಹಿಡಿದು ಕೂರುತ್ತಿದ್ದರು. ಅವಳು ಚೀಲದಿಂದ ಒಂದೊಂದೇ ಚಿತ್ರದ ಬಿಲ್ಲೆ ತೆಗೆದು ಕೂಗಬೇಕು, ಆ ಚಿತ್ರವಿದ್ದವರು ಅದರ ಮೇಲೆ ಕಾಳಿಡಬೇಕು; ಹಲಗೆ ಮೊದಲು ತುಂಬಿದವರಿಗೆ ಗೆಲುವು. ಹುಂಜ ಬಂದರೆ ಬರೀ ಹುಂಜ ಎನ್ನುವವಳಲ್ಲ. "ನಮ್ಮ ಪಾದ್ರಿಗಿಂತ ಮೊದ್ಲು ಏಳೋನು, ಹುಂಜ!" ಎನ್ನುತ್ತಿದ್ದಳು. ಚೇಳು ಬಂದರೆ, "ಅತ್ತೆ ಬಂದ್ಲು, ಕಾಲು ಮೇಲಿಟ್ಕೊಳ್ರೇ!"

ಗಂಟಲಲ್ಲಿ ಗೆಡ್ಡೆಯೆದ್ದು ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದಾಗ, ಆ ಕೂಗು ಮುಗಿಯಿತೆಂದು ಕೇರಿಯೆಲ್ಲ ಕಣ್ಣೀರು ಹಾಕಿತ್ತು. ಮರುವರ್ಷ ಅವಳು ಪುಟ್ಟ ಟಾರ್ಚಿನಂಥ ಒಂದು ಯಂತ್ರ ಹಿಡಿದು ಬಂದು ತನ್ನ ಕುರ್ಚಿಯಲ್ಲಿ ಕೂತಳು. ಗುಂಡಿಯೊತ್ತಿ ಕತ್ತಿಗೆ ಆನಿಸಿದರೆ ಅದು ಗುಂಯ್‌ಗುಡುತ್ತದೆ. ಅದಕ್ಕೆ ಸರಿಯಾಗಿ ತುಟಿ, ನಾಲಿಗೆ ಆಡಿಸಿದರೆ ಮಾತಾಗುತ್ತದೆ. ಏರಿಳಿತವಿಲ್ಲದ, ಡಬ್ಬಿಯೊಳಗಿಂದ ಬಂದಂಥ ಮಾತು. ಆ ದನಿಯಲ್ಲಿ ಅವಳು ಅತ್ತೆಯನ್ನು ಕರೆದಾಗ ಜನ ಮೊದಲಿಗಿಂತ ಹೆಚ್ಚು ನಕ್ಕರು.

ಒಂದು ಭಾನುವಾರ ಬೆಳಿಗ್ಗೆ ಕಾಫಿಗೆ ಗಂಡನನ್ನು ಕರೆಯಲು ಗುಂಡಿಯೊತ್ತಿದರೆ ಯಂತ್ರ ಉಸಿರೆತ್ತಲಿಲ್ಲ. ಹೊಸ ಬ್ಯಾಟರಿ ಹಾಕಿದಳು. ಊಹೂಂ. ಸೌಟಿನಿಂದ ಬಾಣಲೆ ಬಡಿದಳು. ಎರ್ಮಿಲೋ ಓಡಿ ಬಂದ. ಸಿಗಡಿ ದೋಣಿಗಳ ಎಂಜಿನ್ನು ಬಿಚ್ಚುತ್ತಲೇ ಮುದುಕನಾದವನು. ಈಗ ಕೈ ನಡುಗುತ್ತಿತ್ತು, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ.

"ಹೊಸ ಬ್ಯಾಟ್ರಿ ಅಂತ ನಂಬ್ಬೇಡ. ನಾಲ್ಗೆಗೆ ಮುಟ್ಸಿ ನೋಡು."

ಅವಳು ಚೌಕದ ಬ್ಯಾಟರಿಯ ತುದಿಗಳನ್ನು ನಾಲಿಗೆಗೆ ತಾಗಿಸಿ ಮುಖ ಕಿವುಚಿದಳು.

"ಚುರ್ ಅಂತಾ? ಹಂಗಾದ್ರೆ ಅದು ಸರಿಯಿದೆ. ರೋಗ ಒಳಗಿದೆ, ಬಿಚ್ಚು."

ಅಷ್ಟರಲ್ಲಿ ಪಕ್ಕದ ಮನೆಯ ಒಬ್ದುಲಿಯಾ ಬಾಗಿಲಲ್ಲಿ ನಿಂತಿದ್ದಳು. "ಬಾಣ್ಲೆ ಸದ್ದು ಕೇಳ್ತು. ಅಯ್ಯೋ ಪಾಪ, ಸತ್ತೋಯ್ತಾ? ಹೊಸ್ದು ಮೆಕ್ಸಿಕೋ ನಗರದಿಂದ ಬರ್ಬೇಕಂತಲ್ಲ, ತಿಂಗ್ಳೇ ಆಗತ್ತೆ. ಬಿಲ್ಲೆ ಚೀಲ ಇಲ್ ಕೊಡು, ಇವತ್ತು ನಾನೇ ಕೂಗ್ತೀನಿ."

ನಿಕಾನೋರಾ ಬಾಯಿ ತೆರೆದು ಏನೋ ಹೇಳಿದಳು, ತುಟಿಯಷ್ಟೇ ಆಡಿತು.

"ಒಪ್ಕೊಂಡ್ಲು!" ಎಂದು ಒಬ್ದುಲಿಯಾ ಮೊಳೆಗೆ ನೇತುಹಾಕಿದ್ದ ಚೀಲ ತೆಗೆದುಕೊಂಡು ಹೊರಟೇಬಿಟ್ಟಳು.

"ಅವ್ಳು ಅಂದಿದ್ದು ಹಂಗಲ್ಲ ಕಣೇ, ಬಾಯಲ್ಲಿ ಹೇಳೋಕಾಗ್ದಿರೋ ಮಾತು!" ಎಂದು ಎರ್ಮಿಲೋ ಹಿಂದಿನಿಂದ ಕೂಗಿದ.

ನಿಕಾನೋರಾಳ ಕಿವಿ ಕೆಂಪಾಗಿತ್ತು. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬ್ಯಾಟರಿ ಕಳಚಿ, ಯಂತ್ರದ ತಿರುಪು ಬಿಚ್ಚಿದಳು. ಹಳೆಯ ಬ್ಯಾಟರಿ ಸೋರಿ, ಅದು ಕೂರುವ ಕೊಂಡಿಯ ಮೇಲೆ ಹಸಿರು ಹುಡಿ ಕಟ್ಟಿತ್ತು. ಹತ್ತಿಯನ್ನು ಹುಳಿಕಿತ್ತಳೆ ರಸದಲ್ಲಿ ಅದ್ದಿ ಹೊಳೆಯುವ ತನಕ ಉಜ್ಜಿದಳು, ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿದಳು. ಬ್ಯಾಟರಿ ಸಿಕ್ಕಿಸಿ ಗುಂಡಿಯೊತ್ತಿದರೆ, ಗುಂಯ್! ಒಂದೇ ಸಲ. ಮತ್ತೆ ಸದ್ದಿಲ್ಲ.

"ಜೀವ ಇದೆ ಮುದ್ಕಿ, ಜೀವ ಇದೆ! ಗುಂಡಿ ಬಿಡ್ಬೇಡ. ಒಂದೊಂದೇ ತಂತಿ ಅಲ್ಲಾಡ್ಸು."

ಕಪ್ಪು ತಂತಿ ಅಲ್ಲಾಡಿಸಿದಳು, ಏನೂ ಇಲ್ಲ. ಕೆಂಪು ತಂತಿ ಬಗ್ಗಿಸಿದ್ದೇ ತಡ, ಯಂತ್ರ ಗೊರಗೊರ ಎಂದಿತು, ಬಿಟ್ಟರೆ ನಿಂತಿತು. ಹೊರಗೆ ನೆಟ್ಟಗೆ ಕಾಣುವ ತಂತಿ ಹೊದಿಕೆಯೊಳಗೆ ತುಂಡಾಗಿತ್ತು.

ಎರ್ಮಿಲೋ ಬೆಸುಗೆ ಕಡ್ಡಿ ತಂದ. ಹಿಡಿಯಲು ಹೋದವನ ಕೈ ಕುಣಿಯಿತು. ಅವನು ಅದನ್ನು ಹೆಂಡತಿಯ ಕೈಗಿತ್ತ. ಅವಳು ಅವನ ಮಣಿಕಟ್ಟನ್ನು ಒಮ್ಮೆ ಹಿಡಿದು ಬಿಟ್ಟಳು. ಬ್ಯಾಟರಿ ತೆಗೆದಿಟ್ಟು, ಕಪ್ಪಾಗಿದ್ದ ತಂತಿಯನ್ನು ಕೆಂಪು ತಾಮ್ರ ಕಾಣುವ ತನಕ ಕತ್ತರಿಸಿ, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ಬಿಗಿದು ಕೂತಳು.

"ಮೊದ್ಲು ತಾಮ್ರ ಕಾಯ್ಲಿ. ಈಗ ಸೀಸ ಮುಟ್ಸು. ಹಾಂ, ಕರಗ್ತು. ಕಡ್ಡಿ ತೆಗಿ. ಊದ್ಬೇಡ!"

ಕತ್ತಿನ ತೂತಿನಿಂದ ಉಸಿರಾಡುವ ಅವಳಿಗೆ ಊದಲು ಬಾಯಿಂದ ಉಸಿರೇ ಬರುವುದಿಲ್ಲವೆಂಬುದು ಅವನಿಗೆ ಮರೆತಿತ್ತು. ಅವಳು ಭುಜ ಕುಣಿಸಿ ನಕ್ಕಳು. ಮುಚ್ಚಳ ಹಾಕಿ ಗುಂಡಿಯೊತ್ತಿದಾಗ ಗುಂಯ್‌ಕಾರ ಕಿಟಕಿಯ ಗಾಜಿಗೆ ತಾಗುವಂತೆ ಎದ್ದಿತು. ಕತ್ತಿಗೆ ಆನಿಸಿ ಹೇಳಿದಳು: "ಬೆಳಿಗ್ಗೆಯಿಂದ ಎಷ್ಟ್ ಮಾತಾಡ್ದೆಯೋ ಮಾರಾಯ! ಇನ್ನು ಬಾಯ್ಮುಚ್ಚು, ನನ್ನ ಸರದಿ."

ಎರ್ಮಿಲೋ ಅವಳ ಹಣೆಗೆ ಮುತ್ತಿಟ್ಟ.

ಸಂಜೆ ಬೀದಿಗೆ ಹೋದರೆ ಒಬ್ದುಲಿಯಾ ಬೆವರುತ್ತ, "ಹುಂಜ... ಆಮೇಲೆ... ಕೊಡೆ..." ಎಂದು ಪಾಠ ಒಪ್ಪಿಸುತ್ತಿದ್ದಳು. ಹೆಂಗಸರು ಆಕಳಿಸುತ್ತಿದ್ದರು. ಅವಳು ಚೇಳಿನ ಬಿಲ್ಲೆ ಎತ್ತಿದ್ದೇ ಹಿಂದಿನಿಂದ ಆ ಡಬ್ಬಿ ದನಿ ಎದ್ದಿತು:

"ಅತ್ತೆ ಬಂದ್ಲು, ಕಾಲು ಮೇಲಿಟ್ಕೊಳ್ರೇ!"

ಇಡೀ ಬೀದಿ ಎದ್ದು ಚಪ್ಪಾಳೆ ತಟ್ಟಿತು. "ತಗೊಳ್ಳೆ ತಾಯಿ, ನನ್ ಕೈಲಾಗಲ್ಲ ಈ ಕೆಲ್ಸ," ಎಂದು ಒಬ್ದುಲಿಯಾ ಚೀಲ ಕೊಟ್ಟು, ಕಾಳು ಹಿಡಿದು ಕೆಳಗೆ ಕೂತಳು. ಅವಳ ಮುಖದಲ್ಲೇ ಎಲ್ಲರಿಗಿಂತ ಹೆಚ್ಚು ನಗುವಿತ್ತು.

ಆ ಸಂಜೆ ಹೆಂಗಸರ ನಡುವೆ ತಾನೂ ಆಡಲು ಕೂತು, ಹಲಗೆ ತುಂಬಿ ಗೆದ್ದವನು ಎರ್ಮಿಲೋ. "ಮೋಸ! ಕೂಗೋಳು ಹೆಂಡ್ತಿ, ಗೆಲ್ಲೋನು ಗಂಡ!" ಎಂದು ಗದ್ದಲವೆದ್ದಿತು.

ನಿಕಾನೋರಾ ಯಂತ್ರ ಆನಿಸಿಕೊಂಡಳು. "ನಲ್ವತ್ತು ವರ್ಷದಲ್ಲಿ ನನ್ನೆದ್ರು ಒಂದ್ಸಲನಾದ್ರೂ ಗೆದ್ದಿದಾನಾ ಇವ್ನು? ಇವತ್ತೊಂದಿನ ಇರ್ಲಿ ಬಿಡ್ರೇ!"

ನಗು ಇಳಿಯುವ ಮೊದಲೇ ಅವಳು ಚೀಲ ಕುಲುಕಿ ಮುಂದಿನ ಆಟದ ಬಿಲ್ಲೆ ತೆಗೆದಳು.