ಚಿಂದಿ ಸುತ್ತಿದ ಬಳೆಗಳು

ನನ್ನ ಹಿರಿಯ ನೆಗೆಣ್ಣಿ ದೂರದ ದಾರಿ ನಡೆಯುವಾಗ ಎರಡೂ ಮುಂಗೈಗೆ ಹಳೇ ಸೀರೆಯ ಚಿಂದಿ ಸುತ್ತಿಕೊಳ್ಳುತ್ತಿದ್ದಳು. ಒಳಗೆ ಹಸಿರು ಗಾಜಿನ ಬಳೆ. ಮುಳ್ಳುಕಂಟಿಗೋ ಬಂಡೆಗೋ ತಾಗಿ ಒಂದು ಒಡೆದರೂ ಗಂಡನಿಗೆ ಕೇಡು ಎಂಬ ಹೆದರಿಕೆ. ಆ ಗಂಡ ಎಲ್ಲಿದ್ದಾನೆಂಬುದೇ ಯಾರಿಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು.

ರಜಾಕಾರರ ಗಲಾಟೆಯಲ್ಲಿ ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಮುಕ್ಕುಂದದ ಹತ್ತಿರ ಹರಿಗೋಲು ಹತ್ತಿ ಹೊಳೆಯಾಚೆ ಹೋಗಿದ್ದ. ಪೊಲೀಸ್ ಆಕ್ಷನ್ ಆದಮೇಲೆ ಹೋದವರೆಲ್ಲ ಮಸ್ಕಿಗೆ ತಿರುಗಿ ಬಂದರು, ಅವನೊಬ್ಬ ಬರಲಿಲ್ಲ. ಆಮೇಲೆ ಈ ಮನೆಗೆ ಸೊಸೆಯಾಗಿ ಬಂದ ನಾನು ಅವನ ಮುಖವನ್ನೇ ಕಂಡಿರಲಿಲ್ಲ. ಕಂಡದ್ದು ಅವನು ಸಾಕಿದ ಕರಿನಾಯಿಯನ್ನು, ಮತ್ತು ದಿನಾ ಸಂಜೆ ಹೊಸ್ತಿಲಲ್ಲಿ ಕೂತು ಸಿಂಧನೂರಿನ ದಾರಿ ನೋಡುತ್ತ ಅಳುವ ಅತ್ತೆಯನ್ನು. ನಾನು ಅಕ್ಕ ಎಂದು ಕರೆಯುತ್ತಿದ್ದ ನೆಗೆಣ್ಣಿ ಅಳುತ್ತಿರಲಿಲ್ಲ. ಅವಳಿಗೆ ಒಂದು ಕಡೆ ಕೂರಲಿಕ್ಕಾಗುತ್ತಿರಲಿಲ್ಲ, ಅಷ್ಟೇ. ರೊಟ್ಟಿಯನ್ನೂ ನಿಂತೇ ತಿನ್ನುತ್ತಿದ್ದಳು. ಬೀಸುತ್ತ ಕೂತವಳು ನಡುವೆಯೇ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದಳು.

ಒಂದು ವರ್ಷ ಶಿವರಾತ್ರಿ ಮುಗಿದಮೇಲೆ ಅತ್ತೆ ಅಂದರು: "ಈ ಯುಗಾದಿಗೆ ಶ್ರೀಶೈಲಕ್ಕ ಹೋಗಿ ಬಾ. ಸಿಕ್ಕರ ಸಿಕ್ಕ. ಇಲ್ಲಂದ್ರ ಬಳಿ ತಗದು, ಕರ್ಮ ಮಾಡಿ ಮುಗಸೂನು."

ಮನೆ ಬಿಟ್ಟು ಹೋದ ಗಂಡಸರು ಒಂದಿಲ್ಲೊಂದು ದಿನ ಶ್ರೀಶೈಲದ ಮಲ್ಲಯ್ಯನ ಗುಡ್ಡದಲ್ಲಿ ಸಿಗುತ್ತಾರೆಂಬುದು ನಮ್ಮ ಕಡೆಯ ನಂಬಿಕೆ. ಮಲ್ಲಯ್ಯನ ಹರಕೆಯ ಕಂಬಿ ಹೊತ್ತು ನಡೆದು ಹೊರಟಿದ್ದ ಓಣಿಯವರ ಜೊತೆ ಅಕ್ಕ ಹೊರಟಳು. ಅವಳ ಜೊತೆಗೆಂದು ನನ್ನನ್ನೂ ಗಂಟುಹಾಕಿದರು. ಅಕ್ಕ ಕರಿನಾಯಿಯನ್ನೂ ಕರೆದುಕೊಂಡಳು. ನಾಯಿ ಯಾಕೆ ಎಂದು ಕೇಳಿದೆ. "ಗಡ್ಡ ಬಿಟ್ಟು ಬೂದಿ ಬಡಕೊಂಡಿದ್ರ ನನಗ ಗುರ್ತು ಹತ್ತಲಿಕ್ಕಿಲ್ಲ. ಅದಕ್ಕ ಹತ್ತತದ," ಅಂದಳು.

ನಡೆದೆವು ಅನ್ನುವುದು ಸುಳ್ಳು. ಅವಳು ನಡೆದಳು, ನಾನು ಬೈಯುತ್ತ ಹಿಂದೆ ಬಿದ್ದೆ. ಹೊಳೆ ದಾಟಿದೆವು, ಆದವಾನಿ ದಾಟಿದೆವು. ಬೇವು ಹೂ ಬಿಟ್ಟಿತ್ತು, ಹೊಲಗಳೆಲ್ಲ ಕೊಯ್ದು ಬರಿದಾಗಿದ್ದವು, ನನ್ನ ಅಂಗಾಲಿನ ತುಂಬ ಬೊಬ್ಬೆ. ನೆರಳು ಕಂಡಲ್ಲಿ ಎಲ್ಲರೂ ಮೈಚೆಲ್ಲಿದರೆ ಅಕ್ಕ ಮಾತ್ರ ನಾಯಿಯನ್ನು ಕರೆದುಕೊಂಡು ಬೇರೆ ಊರುಗಳ ಯಾತ್ರೆಯವರ ನಡುವೆ ಸುತ್ತುತ್ತಿದ್ದಳು. ಒಂದು ಕಡೆ ಅದು ಗಡ್ಡದವನೊಬ್ಬನ ಮುಂದೆ ಬಾಲ ಅಲ್ಲಾಡಿಸುತ್ತ ಕೂತಾಗ ಅವಳ ಮುಖ ಬಿಳುಚಿಹೋಯಿತು. ನಾಯಿಗೆ ಬೇಕಾಗಿದ್ದದ್ದು ಅವನ ರೊಟ್ಟಿಗಂಟು. ನಾನು ಬಿದ್ದು ಬಿದ್ದು ನಕ್ಕೆ, ಕೊನೆಗೆ ಅವಳೂ ನಕ್ಕಳು.

ಕಾಡು ಶುರುವಾದಮೇಲೆ ಗುಡ್ಡದ ಹಿಂದೆ ಗುಡ್ಡ. ನನ್ನ ಬೊಬ್ಬೆಯ ದೆಸೆಯಿಂದ ನಾವಿಬ್ಬರೂ ಹಿಂದುಳಿದೆವು. ಭೀಮನ ಕೊಳ್ಳಕ್ಕೆ ಇಳಿಯುವ ಹೊತ್ತಿಗೆ ಊರವರು ಆಗಲೇ ಆಚೆಯ ಏರು ಹತ್ತಿ ಹೋಗಿದ್ದರು. ಕೆಳಗೆ ಹುಲ್ಲಿನ ಚಪ್ಪರದಲ್ಲಿ, ಬೂದಿ ಬಳಿದುಕೊಂಡ ಗಡ್ಡದವನೊಬ್ಬ ನಡೆದು ಬಂದವರಿಗೆ ನೀರು ಹಾಕುತ್ತಿದ್ದ. ನಾಯಿ ಒಂದೇ ಓಟಕ್ಕೆ ಹೋಗಿ ಅವನ ಎದೆಗೆ ಕಾಲು ಕೊಟ್ಟು ಕುಂಯ್‌ಗುಟ್ಟಿತು. ಅವನ ಕೈ ತಾನಾಗಿ ಅದರ ಕಿವಿಯ ಹಿಂದೆ ಹೋಗಿ ಕೆರೆಯಿತು. ಆಮೇಲೆ ಬೆಂಕಿ ಮುಟ್ಟಿದವನ ಹಾಗೆ ಕೈ ತೆಗೆದುಕೊಂಡ.

"ಯಾರ ನಾಯಿ ತಾಯಿ, ಇದು?" ಅಂದ, ತಲೆಯೆತ್ತದೆ.

ಕಟ್ಟಿಕೊಂಡ ಹೆಂಡತಿಯನ್ನು ತಾಯಿ ಅಂದ! ಅವನ ಕೊಡವನ್ನೇ ಅವನ ತಲೆಗೆ ಕುಕ್ಕಬೇಕೆನಿಸಿತು ನನಗೆ. ಅಕ್ಕ ಮಾತ್ರ ಅವನನ್ನೇ ನೋಡುತ್ತ ಬೊಗಸೆ ಒಡ್ಡಿದಳು.

"ದಾರ್ಯಾಗ ಬೆನ್ನು ಹತ್ತೇದ್ರಿ. ನೀರು ಹಾಕ್ರಿ."

ಅವನು ಹಾಕಿದ. ಅರ್ಧ ನೀರು ಬೊಗಸೆ ತಪ್ಪಿ ಅವಳ ಮುಂಗೈಯ ಚಿಂದಿಯ ಮೇಲೆ ಸುರಿಯಿತು. ಅವಳು ಹೊಟ್ಟೆ ತುಂಬ ಕುಡಿದು ಏರು ಹತ್ತಿದಳು. ನಾಯಿ ಅತ್ತ ಇತ್ತ ನೋಡುತ್ತ ನಿಂತು, ಕಡೆಗೆ ನಮ್ಮ ಹಿಂದೆ ಓಡಿಬಂತು.

ಮೇಲೆ ಹತ್ತಿ ಬಂಡೆಯ ಮೇಲೆ ಕೂತಳು. ಊರವರನ್ನು ಕರೆಯೋಣ, ಹಿಡಿದು ಎಳೆದುಕೊಂಡು ಹೋಗೋಣ ಎಂದು ನಾನು ಕೂಗಾಡಿದೆ. ಹಾಗೆ ಎಳೆದು ತಂದವನು ಗಂಡನಾಗುತ್ತಾನೇನು ಎಂದು ಕೇಳಿದಳು. ಆಮೇಲೆ ಚಿಂದಿಯ ನೀರು ಹಿಂಡುತ್ತ ಅಂದಳು: "ಮುದುಕಿಗೆ ಹೇಳಬ್ಯಾಡ. ಮಗ ಸತ್ತಾನಂದ್ರ ಒಮ್ಮೆ ಅಳ್ತಾಳ. ಇದ್ದೂ ಬರಲಿಲ್ಲಂದ್ರ ಸಾಯೂತನಕ ಅಳ್ತಾಳ."

ಮಸ್ಕಿಗೆ ಬಂದಾಗ ಅತ್ತೆ ಹೊಸ್ತಿಲಲ್ಲೇ ಇದ್ದರು. ಅಕ್ಕ ಚಿಂದಿ ಬಿಚ್ಚಿದಳು. ಅಷ್ಟು ದಾರಿ ಒಂದೂ ಒಡೆಯದಂತೆ ಕಾಯ್ದು ತಂದ ಬಳೆಗಳನ್ನು ತಾನೇ ಹೊಸ್ತಿಲ ಕಲ್ಲಿಗೆ ಅಪ್ಪಳಿಸಿದಳು. ಅತ್ತೆ ಓಣಿಗೆಲ್ಲ ಕೇಳುವಂತೆ ಅತ್ತರು. ಕರ್ಮ ಮುಗಿಯಿತು. ಬರಬರುತ್ತ ಅವರು ಹೊತ್ತಿಗೆ ಸರಿಯಾಗಿ ಉಂಡು ಮಲಗಿದರು, ಸಂಜೆ ಹೊಸ್ತಿಲಿಗೆ ಬರುವುದನ್ನು ಬಿಟ್ಟರು.

ಅಕ್ಕನ ಕಾಲು ಮಾತ್ರ ನಿಲ್ಲಲಿಲ್ಲ. ಬೇವು ಹೂ ಬಿಟ್ಟಿತೆಂದರೆ ನಾಯಿಯ ಜೊತೆ ಲಿಂಗಸುಗೂರು, ಗುರುಗುಂಟಾ ಕಡೆಯ ಗುಡ್ಡಗಳನ್ನೆಲ್ಲ ಸುತ್ತಿ ಬರುತ್ತಿದ್ದಳು. ಶ್ರೀಶೈಲದ ದಾರಿ ಹಿಡಿಯಲಿಲ್ಲ. ಇನ್ನೂ ಏನು ಹುಡುಕುತ್ತೀ ಎಂದು ನಾನು ರೇಗಿದರೆ, "ಈಗ ಯಾರನ್ನೂ ಹುಡುಕೂದಿಲ್ಲಲ್ಲ ಬೇ, ಆರಾಮ ನಡಿತೀನಿ," ಅನ್ನುತ್ತಿದ್ದಳು. ಎಲ್ಲಿಯ ಆರಾಮ! ರೊಟ್ಟಿ ಇನ್ನೂ ನಿಂತೇ ತಿನ್ನುತ್ತಿದ್ದಳು.

ಅವಳು ತೀರಿಕೊಂಡ ದಿನ, ಮೈ ತೊಳೆದಮೇಲೆ, ನಾನು ಅವಳ ಎರಡೂ ಕೈಗೆ ಹಸಿರು ಬಳೆ ತೊಡಿಸಿದೆ. ಗಂಡ ಸತ್ತವಳಿಗೆ ಇದೇನು ಅನಾಚಾರ ಎಂದು ಹೆಂಗಸರು ಗದ್ದಲ ಎಬ್ಬಿಸಿದರು. ಅವಳು ಬಳೆ ಒಡೆದುಕೊಂಡದ್ದು ಅತ್ತೆಯ ಸಲುವಾಗಿ, ಗಂಡ ಸತ್ತನೆಂದಲ್ಲ. ಅತ್ತೆ ಹೋಗಿ ವರ್ಷಗಳಾಗಿದ್ದವು. ನಾನು ಅವಳ ಹಳೇ ಸೀರೆಯಿಂದ ಚಿಂದಿ ಹರಿದು, ದಾರಿಯಲ್ಲಿ ಒಂದೂ ಒಡೆಯದಿರಲೆಂದು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿದೆ.